ಹುಷಾರಪ್ಪ ಲಿಫ್ಟ್ ಹತ್ತಿದ್ದು

ಎಲ್ಲದರಲ್ಲೂ ತಲೆ ಹಾಕಬೇಡ ಎಂದು ದೊಡ್ಡವರು ಮಕ್ಕಳಿಗೆ ಹೇಳುತ್ತಲೇ ಇರುತ್ತಾರೆ. ಹುಷಾರಪ್ಪನಿಗೂ ಹೇಳಿದ್ದರು. ಆದರೆ ಕಂಬಿಗಳ ವಿಷಯವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಒಂದು ಮಂಗಳವಾರ ಶಾಲೆ ಬಿಟ್ಟು ಬಂದವನು, ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ತಿರುವಿನಲ್ಲಿ, ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಗಳ ನಡುವೆ ತಲೆ ಹಾಕಿದ. ತಲೆ ಹೋಯಿತು. ವಾಪಸ್ ಬರಲಿಲ್ಲ.

ಬೆನ್ನ ಮೇಲೆ ಶಾಲೆಯ ಚೀಲ, ಆ ಕಡೆ ಇಡೀ ಕಟ್ಟಡಕ್ಕೆ ಕಾಣುವಂತೆ ಮುಖ. ಏಳನೇ ವಯಸ್ಸಿಗೇ ಕಂಬಿ ಎಣಿಸುವ ಯೋಗ!

ಅವನ ಅಕ್ಕ ಆಗಲೇ ಲಿಫ್ಟಿನಲ್ಲಿ ಆರನೇ ಮಹಡಿ ತಲುಪಿ ಕಾಯುತ್ತಿದ್ದಳು. ಇವರಿಬ್ಬರಿಗೂ ಅದು ದಿನದ ಪಂದ್ಯ: ಅವಳು ಲಿಫ್ಟು, ಇವನು ಮೆಟ್ಟಿಲು. ಹನ್ನೊಂದು ವರ್ಷದ ಅಕ್ಕ ಪಂದ್ಯ ಗೆದ್ದು ಗೆದ್ದು ಬೇಸತ್ತಿದ್ದಳು. ಇವತ್ತು ತೀರಾ ತಡವಾಯಿತಲ್ಲ ಎಂದು ಮೆಟ್ಟಿಲಿಳಿದು ಬಂದು ನೋಡಿದರೆ, ತಮ್ಮನ ಹಿಂಭಾಗ ಮಾತ್ರ ಈ ಕಡೆ ಇತ್ತು.

"ಏನೋ ಮಾಡ್ತಿದ್ದೀಯ ಅಲ್ಲಿ?"

"ಚೆಕ್ ಮಾಡ್ತಿದ್ದೆ."

"ಏನನ್ನ?"

"ಚಿಕ್ಕ ಮಕ್ಕಳ ತಲೆ ಇದರಲ್ಲಿ ಸಿಕ್ಕಿಹಾಕ್ಕೊಳ್ಳತ್ತಾ ಅಂತ."

"ಏನು ಗೊತ್ತಾಯ್ತು?"

"ಸಿಕ್ಕಿಹಾಕ್ಕೊಳ್ಳತ್ತೆ."

ಅಕ್ಕ ಮೊದಲು ಹೊಟ್ಟೆ ತುಂಬ ನಕ್ಕಳು. ಆಮೇಲೆ ಎರಡು ಕಿವಿಗಳನ್ನೂ ಮಡಚಿ ಹಿಂದಕ್ಕೆ ತಳ್ಳಿ ನೋಡಿದಳು. ಕಿವಿ ಕೆಂಪಾದವೇ ಹೊರತು ತಲೆ ಅಲ್ಲಾಡಲಿಲ್ಲ. "ಅಪ್ಪನ್ನ ಕರೀತೀನಿ" ಎಂದಾಗ ಹುಷಾರಪ್ಪ, "ಮೆಲ್ಲಗೆ ಕರಿ, ಯಾರಿಗೂ ಗೊತ್ತಾಗೋದು ಬೇಡ" ಎಂದ. ಅಕ್ಕ ಮೆಲ್ಲಗೆ ಕರೆಯುವ ಜಾತಿಯವಳಲ್ಲ. ಎರಡೇ ನಿಮಿಷದಲ್ಲಿ ಅರ್ಧ ಕಟ್ಟಡ ಅಲ್ಲಿ ಸೇರಿತು.

ಅಪ್ಪ ಆ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ಅವನ ಬದುಕೇ ಏಳುಬೀಳಿನದು. ಏಳುವುದು ಆಗುತ್ತಿರಬೇಕು, ಬೀಳುವುದು ಆಗಬಾರದು, ಅದೇ ಕೆಲಸ. ಲಿಫ್ಟಿನ ಹಳಿಗೆ ಬಿಡುವ ಎಣ್ಣೆಯ ಡಬ್ಬ ಹಿಡಿದು ಬಂದವನು ಮಗನ ಎರಡು ಕಿವಿಗಳಿಗೂ ಎಣ್ಣೆ ಬಿಟ್ಟ, ಗದ್ದ ಹಿಡಿದು ಸ್ವಲ್ಪ ಓರೆ ಮಾಡಿದ, ಎಳೆದ. ಪ್ಲಕ್ ಎಂದು ತಲೆ ಬಂತು. ಜನ ಚಪ್ಪಾಳೆ ತಟ್ಟಿದರು. ಹುಷಾರಪ್ಪ ಕಿವಿಯಿಂದ ಎಣ್ಣೆ ಒರೆಸಿಕೊಂಡು, "ಈ ಕಂಬಿಗಳನ್ನ ಹತ್ತಿರ ಹತ್ತಿರ ಹಾಕಿಸ್ಬೇಕು. ತುಂಬ ಡೇಂಜರ್" ಎಂದು ಎಲ್ಲರಿಗೂ ತಿಳಿವಳಿಕೆ ಹೇಳಿದ.

ಅಲ್ಲಿಗೇ ಮುಗಿದಿದ್ದರೆ ಅಕ್ಕನಿಗೆ ಒಂದು ವರ್ಷ ರೇಗಿಸಲು ಸಾಕಾಗುವಷ್ಟು ಸರಕು ಸಿಕ್ಕಿತೆಂದು ಸುಮ್ಮನಾಗಬಹುದಿತ್ತು. ಆದರೆ ಗುಂಪಿನಲ್ಲಿ ಕಾರ್ಯದರ್ಶಿ ಮೇಡಂ ಇದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೂರನೇ ಮಹಡಿಯಲ್ಲಿ ವಾಸ, ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಅವರು ಪ್ರೀತಿಯಿಂದಲೇ, "ಪಾಪ, ಸುಸ್ತಾಗಿದೆ ಮಗೂಗೆ. ಬಾ ಮರಿ, ನಾನೂ ಬಟ್ಟೆ ತರೋಕೆ ಮೇಲೆ ಹೋಗ್ತಿದ್ದೀನಿ, ಲಿಫ್ಟಲ್ಲಿ ಒಟ್ಟಿಗೆ ಹೋಗೋಣ" ಎಂದು ಕೈ ಚಾಚಿದರು.

ಹುಷಾರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಈಗಷ್ಟೇ ತನ್ನನ್ನು ಬಿಟ್ಟಿದ್ದ ಅದೇ ಕಂಬಿಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. "ಬೇಡ. ನಾನು ಲಿಫ್ಟಲ್ಲಿ ಬರಲ್ಲ."

"ಯಾಕೋ?"

"ಬರಲ್ಲ."

ಎರಡನೇ ಮಹಡಿಯ ಕನ್ನಡಕದಂಗಡಿಯವರು, ನೋಡುವುದನ್ನೇ ವೃತ್ತಿ ಮಾಡಿಕೊಂಡವರು, "ಅರೆ, ಹೌದಲ್ವಾ! ಈ ಹುಡುಗ ಒಂದು ವರ್ಷದಿಂದ ಲಿಫ್ಟ್ ಹತ್ತಿದ್ದನ್ನ ನಾನು ನೋಡೇ ಇಲ್ಲ" ಎಂದುಬಿಟ್ಟರು.

ಲಿಫ್ಟ್ ಮೆಕ್ಯಾನಿಕ್‌ನ ಸ್ವಂತ ಮಗ ಲಿಫ್ಟ್ ಹತ್ತುವುದಿಲ್ಲ! ಎಲ್ಲರ ಕಣ್ಣೂ ಅಪ್ಪನ ಕೈಯಲ್ಲಿದ್ದ ಎಣ್ಣೆ ಡಬ್ಬದ ಮೇಲೆ ನೆಟ್ಟವು. ಕಾರ್ಯದರ್ಶಿ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಮೆಕ್ಯಾನಿಕ್ ಅವರೇ, ಮನೆಯವರೇ ನಂಬದ ಲಿಫ್ಟನ್ನ ನಾವು ಹೇಗೆ ನಂಬೋದು? ಭಾನುವಾರ ಮೀಟಿಂಗ್ ಇದೆ. ಈ ವಿಷಯ ಅಲ್ಲಿ ಬಂದೇ ಬರತ್ತೆ" ಎಂದರು.

ಆ ಮೀಟಿಂಗಿನ ತೂಕ ಅಕ್ಕನಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಅಪ್ಪನ ಕರಾರು ಮುಂದುವರಿಸುವ ಮೀಟಿಂಗ್ ಅದು. ಕರಾರಿನ ಜೊತೆಗೇ ತಾರಸಿಯ ಮೇಲಿನ ಎರಡು ಕೋಣೆಯ ಮನೆ. ಲಿಫ್ಟಿನ ಮೋಟಾರು ಕೋಣೆಗೆ ಅಂಟಿಕೊಂಡ ಆ ಮನೆಯಲ್ಲಿ ಗೋಡೆ ದಿನವಿಡೀ ಗುರ್ರ್ ಎನ್ನುತ್ತಿತ್ತು, ಪಾತ್ರೆಗಳು ತಾವಾಗಿ ಜಾಗ ಬದಲಿಸುತ್ತಿದ್ದವು. ಆದರೂ ಬಾಗಿಲು ತೆರೆದರೆ ಇಡೀ ತಾರಸಿ ಅಕ್ಕನದೇ. ತಲೆಯ ಮೇಲೆ ಯಾರೂ ಇಲ್ಲ, ಹಗ್ಗದಾಟ ಆಡಿದರೆ ಬೈಯುವವರಿಲ್ಲ. ಈ ಸಲ ಯಾವುದೋ ಕಂಪನಿಯವರು ಟೈ ಕಟ್ಟಿಕೊಂಡು ಬಂದು, ತಾವು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಸಂಘಕ್ಕೆ ಬಣ್ಣದ ಪುಸ್ತಕ ಕೊಟ್ಟು ಹೋಗಿದ್ದರು. ಕರಾರು ಅವರ ಪಾಲಾದರೆ ಮನೆ ಬಿಡಬೇಕು. ದೊಡ್ಡಪ್ಪನ ಮನೆಯ ಹಿಂಬದಿಯ ಕೋಣೆಯೇ ಗತಿ. ಅಲ್ಲಿ ಸೀನುವ ಮೊದಲು ಕೂಡ ದೊಡ್ಡಪ್ಪ ಮಲಗಿದ್ದಾರಾ ಎದ್ದಿದ್ದಾರಾ ಎಂದು ವಿಚಾರಿಸಬೇಕು.

"ಐದು ದಿನದಲ್ಲಿ ಇವನನ್ನ ಲಿಫ್ಟ್ ಹತ್ತಿಸ್ತೀನಿ. ನೋಡ್ತಿರಿ" ಎಂದು ಅಕ್ಕ ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದಳು.

"ಅವನನ್ನ ಹೆದರಿಸ್ಬೇಡ" ಎಂದಳು ಅಮ್ಮ.

"ಅವನನ್ನ ಹೆದರಿಸೋಕೆ ಇನ್ನೇನು ಉಳಿದಿದೆ?"

ಆ ಮಾತಿನಲ್ಲಿ ಹುರುಳಿತ್ತು. ಹುಷಾರಪ್ಪನ ಹುಷಾರು ಎರಡೂ ಕಡೆಯಿಂದ ಬಂದ ಆಸ್ತಿ. ಅಮ್ಮನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ದಿನವೂ ಶೀಶೆ ತಿರುಗಿಸಿ ಅವಧಿ ಮುಗಿಯುವ ತಾರೀಕು ನೋಡುವುದು. ಅಪ್ಪ ಹಗ್ಗ, ಬ್ರೇಕು, ಬೋಲ್ಟು ಮುಟ್ಟಿ ಮುಟ್ಟಿ ನೋಡುವವನು. ಮಗ ಬಿಸ್ಕತ್ತಿನ ಪೊಟ್ಟಣದ ತಾರೀಕು ಓದದೆ ಬಾಯಿ ತೆರೆಯುತ್ತಿರಲಿಲ್ಲ. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಎಡ ಬಲ ನೋಡುತ್ತಿದ್ದ. ಉಯ್ಯಾಲೆ ಆಡಲು ಅಪ್ಪನ ಹೆಲ್ಮೆಟ್ಟು ಬೇಕಿತ್ತು. ಅದು ಕಣ್ಣಿನ ಮೇಲೆ ಜಾರಿ ಏನೂ ಕಾಣದೆ ಎರಡು ಸಲ ಬಿದ್ದಿದ್ದ. ಹಲ್ಲುಜ್ಜುವಾಗ ನೊರೆ ನುಂಗಿದನೇನೋ ಎಂಬ ಅನುಮಾನದಲ್ಲಿ ಅಂಗಡಿಗೆ ಹೊರಟ ಅಮ್ಮನನ್ನು ನಿಲ್ಲಿಸಿ ನಾಲಿಗೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದ.

ಇಂಥವನು ಒಂದು ದಿನ ಟಾರ್ಚಿನ ಬ್ಯಾಟರಿ ನೆಕ್ಕುತ್ತಾ ಸಿಕ್ಕಿಬಿದ್ದ. ಯಾಕೋ ಎಂದರೆ, "ಕರೆಂಟಿಗೆ ರುಚಿ ಇರತ್ತಾ ನೋಡ್ತಿದ್ದೆ. ರಬ್ಬರ್ ಚಪ್ಪಲಿ ಹಾಕ್ಕೊಂಡಿದ್ದೀನಲ್ಲ" ಎಂದು ಕಾಲು ತೋರಿಸಿದ. ಕಟ್ಟಡದ ಗೇಟಿನ ಹತ್ತಿರ ಬಿದ್ದುಕೊಂಡಿರುವ ನಾಯಿ ಅಂಚೆಯವನನ್ನೂ ಹಾಲಿನವನನ್ನೂ ಸಮಾನವಾಗಿ ಕಚ್ಚಿತ್ತು. ಹುಷಾರಪ್ಪ ಅದರ ಬಾಯಿಗೆ ಕೈ ಹಾಕಿ ಹಲ್ಲು ಎಣಿಸಿ ಬಂದಿದ್ದ. ಕೇಳಿದರೆ, "ಕೈ ತೊಳ್ಕೊಂಡೇ ಹಾಕಿದ್ದು" ಎಂಬ ಸಮಾಧಾನ. ಇವನು ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ಹೆದರುವುದಿಲ್ಲ ಎಂಬ ಲೆಕ್ಕ ಅಕ್ಕನಿಗೆ ಏಳು ವರ್ಷವಾದರೂ ಹತ್ತಿರಲಿಲ್ಲ. ಲಿಫ್ಟನ್ನೂ ಅಷ್ಟೇ, ಮೊದಲು ಕುಣಿದುಕೊಂಡು ಹತ್ತುತ್ತಿದ್ದವನು ಒಂದನೇ ತರಗತಿಗೆ ಸೇರಿದ ಮೇಲೆ ಇದ್ದಕ್ಕಿದ್ದಂತೆ ಬಿಟ್ಟಿದ್ದ. ಬುದ್ಧಿ ಬಂದ ಮೇಲೆ ಭಯ ಬರುವುದು ಸಹಜ ಎಂದು ಮನೆಯವರು ಅರ್ಥ ಮಾಡಿಕೊಂಡಿದ್ದರು.

ಬುಧವಾರ ಅಕ್ಕ ಬಟ್ಟೆಯ ಬೀರುವನ್ನು ಖಾಲಿ ಮಾಡಿ ಲಿಫ್ಟ್ ಮಾಡಿದಳು. ಬಾಗಿಲಿಗೆ ಸೀಮೆಸುಣ್ಣದಲ್ಲಿ ಸೊನ್ನೆಯಿಂದ ಆರರ ತನಕ ಅಂಕಿ ಬರೆದಳು. ಆಟದ ಲಿಫ್ಟು ಅಭ್ಯಾಸವಾದರೆ ನಿಜದ ಲಿಫ್ಟು ತಾನಾಗಿ ಅಭ್ಯಾಸವಾಗುತ್ತದೆ ಎಂಬುದು ಅವಳ ಶಾಸ್ತ್ರ.

"ಬನ್ನಿ ಸಾರ್, ಯಾವ ಮಹಡಿ?"

"ನಾನು ಪ್ರಯಾಣಿಕ ಅಲ್ಲ, ಇನ್ಸ್‌ಪೆಕ್ಟರ್" ಎಂದ ಹುಷಾರಪ್ಪ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು. "ಮೊದಲು ಭಾರ ಹಾಕಿ ನೋಡ್ಬೇಕು."

ನಾಲ್ಕು ದಿಂಬು ಹಾಕಿದ. ಅಮ್ಮನ ಹೊಲಿಗೆ ಪೆಟ್ಟಿಗೆ ಹಾಕಿದ. ಅದೂ ಸಾಲದೆ, "ಈಗ ನೀನು ಹತ್ತು" ಎಂದ. ಅಕ್ಕ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಒಳಗೆ ತೂರಿದಳು. ಹುಷಾರಪ್ಪ ಬಾಗಿಲು ಹಾಕಿ ಕೀಲಿ ತಿರುಗಿಸಿದ.

"ಲೋ! ಬೀಗ ಯಾಕೋ ಹಾಕ್ದೆ?"

"ಲಿಫ್ಟ್ ನಡುವೆ ನಿಂತಿದೆ ಅಂತ ಇಟ್ಕೋ. ಗಾಬರಿ ಆಗ್ಬೇಡ. ಅಲಾರಂ ಒತ್ತು."

"ಅಲಾರಂ ಎಲ್ಲಿದೆ ಇದರಲ್ಲಿ?"

"ಇಲ್ವಾ?" ಹೊರಗೆ ಪೆನ್ಸಿಲ್ ಬರೆಯುವ ಸದ್ದು. "ಅಲಾರಂ ಇಲ್ಲ. ಇರು, ತರ್ತೀನಿ."

ಅಲಾರಂ ತರಲು ಹೋದವನು ದಾರಿಯಲ್ಲಿ ಬಿಸ್ಕತ್ತಿನ ಡಬ್ಬ ಕಂಡು, ತಾರೀಕು ಓದಿ, ನಾಲ್ಕು ತಿಂದು, ನೀರು ಕುಡಿದು, ತಾರಸಿಗೆ ಹೋಗಿ ಪಾರಿವಾಳ ನೋಡುತ್ತಾ ನಿಂತ. ಅಮ್ಮ ಕೆಲಸದಿಂದ ಬಂದಾಗ ಬೀರು ದಬದಬ ಬಡಿದುಕೊಳ್ಳುತ್ತಿತ್ತು. ಬೆವೆತು ಹೊರಬಂದ ಅಕ್ಕನ ಕೈಗೆ ಹುಷಾರಪ್ಪ ಒಂದು ಚೀಟಿ ಕೊಟ್ಟ: 'ಈ ಲಿಫ್ಟ್ ಸರಿ ಇಲ್ಲ. ಒಳಗೆ ಇರುವವರು ತುಂಬಾ ಕಿರುಚುತ್ತಾರೆ.'

ಗುರುವಾರ ಅವಳು ಲಂಚಕ್ಕೆ ಇಳಿದಳು. ಇಪ್ಪತ್ತನಾಲ್ಕು ಬಣ್ಣದ ಪೆನ್ಸಿಲ್ ಡಬ್ಬ, ಅವಳ ಜೀವ. "ಒಂದೇ ಒಂದು ಸಲ ಲಿಫ್ಟ್ ಹತ್ತು, ಇದು ನಿಂದು." ಹುಷಾರಪ್ಪ ಡಬ್ಬ ತೆರೆದು ಒಂದೊಂದರ ಮೊನೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ, "ತುಂಬ ಚೂಪು. ಕಣ್ಣಿಗೆ ಚುಚ್ಚತ್ತೆ. ಇದು ನಿನ್ನ ಹತ್ರ ಇರೋದು ಅಪಾಯ" ಎಂದು ಡಬ್ಬವನ್ನು ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡ. ಲಿಫ್ಟಿನ ಮಾತು ಎತ್ತಿದರೆ, "ಯೋಚನೆ ಮಾಡ್ತಿದ್ದೀನಿ" ಎಂದ. ಸಂಜೆಯವರೆಗೂ ಯೋಚನೆ ಮಾಡುತ್ತಾ ನಾಯಿಯ ಚಿತ್ರ ಬರೆದ, ನಲವತ್ತೆರಡು ಹಲ್ಲು ಹಾಕಿ.

ಲಂಚ ಕೊಟ್ಟು ಕೆಟ್ಟವಳಿಗೆ ಮೋಸವೊಂದೇ ಉಳಿದ ದಾರಿ. ಶುಕ್ರವಾರ ಕಣ್ಣಾಮುಚ್ಚಾಲೆಯ ನೆಪದಲ್ಲಿ ಅವನ ಕಣ್ಣಿಗೆ ಅಮ್ಮನ ದುಪ್ಪಟ್ಟ ಬಿಗಿದು, ಮೂರು ಸುತ್ತು ತಿರುಗಿಸಿ, ದಿಕ್ಕು ತಪ್ಪಿಸಿ, ಹದಿನೆಂಟು ಮೆಟ್ಟಿಲು ಇಳಿಸಿ, ಆರನೇ ಮಹಡಿಯ ಲಿಫ್ಟಿನ ಮುಂದೆ ತಂದು ನಿಲ್ಲಿಸಿದಳು. ಬಾಗಿಲು ತೆರೆದು ಹಿಡಿದುಕೊಂಡು, "ಇದು ನಮ್ಮ ಸಾಮಾನಿನ ಕೋಣೆ. ಒಳಗೆ ಹೋಗು, ನಿನಗೆ ಒಂದು ವಸ್ತು ಬಚ್ಚಿಟ್ಟಿದ್ದೀನಿ" ಎಂದಳು.

ಹುಷಾರಪ್ಪ ಒಂದು ಕಾಲು ಒಳಗಿಟ್ಟ. ಎರಡನೆಯದನ್ನೂ ಇಟ್ಟ. ಅಕ್ಕ ಉಸಿರು ಬಿಗಿಹಿಡಿದಳು.

"ಅಕ್ಕಾ, ಸಾಮಾನಿನ ಕೋಣೆಗೆ ಫ್ಯಾನ್ ಯಾವಾಗ ಹಾಕಿಸಿದ್ರು?"

ಆದರೂ ಹೊರಗೆ ಬರಲಿಲ್ಲ! ಮುಖ ಮೇಲೆತ್ತಿ ಗಾಳಿಗೆ ಒಡ್ಡಿಕೊಂಡು ನಿಂತೇ ಇದ್ದ. ಇನ್ನೇನು ಅಕ್ಕ ಗುಂಡಿ ಒತ್ತಬೇಕು, ಅಷ್ಟರಲ್ಲಿ ಕೆಳಗಿನಿಂದ ಕಾರ್ಯದರ್ಶಿ ಮೇಡಂ ಕೂಗಿದರು. "ಯಾರದು ಲಿಫ್ಟ್ ಹಿಡಿದಿಟ್ಟಿರೋದು? ಬಾಗಿಲು ಬಿಡಿ, ಮೂರಕ್ಕೆ ಬರಲಿ!"

ಹುಷಾರಪ್ಪ ದುಪ್ಪಟ್ಟ ಕಿತ್ತೆಸೆದು, ಅಕ್ಕನ ಕಂಕುಳಡಿಯಲ್ಲಿ ನುಸುಳಿ, ತಾರಸಿಯ ಮೆಟ್ಟಿಲು ಹತ್ತಿ ಮಾಯವಾದ. ಅಷ್ಟು ವೇಗವಾಗಿ ಅವನು ಓಡಿದ್ದನ್ನು ಅಕ್ಕ ಯಾವತ್ತೂ ನೋಡಿರಲಿಲ್ಲ. ಓಡುವಾಗ ಎಡ ಬಲ ನೋಡುವುದನ್ನೂ ಮರೆತಿದ್ದ.

ಶನಿವಾರ ಅಪ್ಪ ತಾನೇ ಕೈಹಾಕಿದ. ಮಗನನ್ನು ಮೋಟಾರು ಕೋಣೆಗೆ ಕರೆದುಕೊಂಡು ಹೋಗಿ, ದೊಡ್ಡ ಚಕ್ರದ ಮೇಲೆ ಹಾದುಹೋಗುವ ಉಕ್ಕಿನ ಹಗ್ಗಗಳನ್ನು ತೋರಿಸಿದ. ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನೋಡು ಮಗಾ, ನಾಲ್ಕು ಹಗ್ಗ. ಇದರಲ್ಲಿ ಒಂದೇ ಒಂದು ಸಾಕು, ಇಡೀ ಲಿಫ್ಟು, ಅದರಲ್ಲಿರೋ ಜನ ಎಲ್ಲ ಸೇರಿ ಹೊರತ್ತೆ."

"ಹಾಗಾದ್ರೆ ಇನ್ನು ಮೂರು ಯಾಕೆ?"

"ಹುಷಾರಿಗೆ."

"ಅಂದ್ರೆ ನಿಂಗೂ ಭಯ."

ಅಪ್ಪ ಹಗ್ಗಗಳನ್ನು ಮತ್ತೊಮ್ಮೆ ಎಣಿಸಿದ. ಹದಿನಾರು ವರ್ಷದ ಅನುಭವವೆಲ್ಲ ನಾಲ್ಕು ಹಗ್ಗದ ಮೇಲೆ ತೂಗಾಡುತ್ತಿತ್ತು. ಹುಷಾರಪ್ಪ ಬ್ರೇಕು ಯಾವುದು, ಹಗ್ಗ ಕಿತ್ತರೆ ಹಿಡಿಯುವುದು ಯಾವುದು, ಇಲಿ ಬಂದರೆ ಏನು ಗತಿ ಎಂದೆಲ್ಲ ಕೇಳಿ, ಎಲ್ಲಕ್ಕೂ ಉತ್ತರ ಪಡೆದು, "ಚೆನ್ನಾಗಿ ಇಟ್ಟಿದ್ದೀಯ" ಎಂದು ಅಪ್ಪನ ಬೆನ್ನು ತಟ್ಟಿ ಹೊರಬಂದ. ಆಮೇಲೆ ಹಾಲು ತರಲು ಮೆಟ್ಟಿಲಿಳಿದು ಹೋದ, ನೂರ ಇಪ್ಪತ್ತಾರೂ ಮೆಟ್ಟಿಲು.

ಆವತ್ತು ಸಂಜೆ ಅಕ್ಕ ಸೋತು ನೆಲದ ಮೇಲೆ ಕುಳಿತಳು. ಉಪಾಯಗಳೆಲ್ಲ ಮುಗಿದಿದ್ದವು. ಒಳಗೆ ಅಮ್ಮ ಯಾರಿಗೂ ಹೇಳದೆ ಮೇಲಿನ ಅಟ್ಟದಿಂದ ಖಾಲಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಳು. ಆ ಸದ್ದು ಕೇಳಿ ಅಕ್ಕ ತಮ್ಮನ ಕಡೆ ತಿರುಗಿದಳು.

"ನಾಳೆ ನೀನು ಹತ್ತದೆ ಇದ್ರೆ ಈ ಮನೆ ಹೋಗತ್ತೆ ಕಣೋ. ದೊಡ್ಡಪ್ಪನ ಮನೆಗೆ ಹೋಗ್ಬೇಕು."

ಹುಷಾರಪ್ಪ ಯೋಚಿಸಿದ. "ದೊಡ್ಡಪ್ಪನ ಮನೆಗೆ ಎಷ್ಟು ಮೆಟ್ಟಿಲು?"

"ಒಂದೂ ಇಲ್ಲ."

"ಹಾಗಾದ್ರೆ ಒಳ್ಳೇದೇ ಅಲ್ವಾ?"

ಅಕ್ಕ ದಿಂಬು ಎತ್ತಿ ಅವನ ಮುಖಕ್ಕೆ ಬೀಸಿದಳು. ಆಮೇಲೆ, ತಾನೇ ಅಂದುಕೊಂಡಿರದಿದ್ದರೂ, ಅಳತೊಡಗಿದಳು. ಅಕ್ಕ ಅಳುವುದನ್ನು ಹುಷಾರಪ್ಪ ನೋಡಿದ್ದು ಕಡಿಮೆ. ಅವನು ದಿಂಬನ್ನು ಹುಷಾರಾಗಿ ಪಕ್ಕಕ್ಕಿಟ್ಟು, ಹಾಸಿಗೆಯ ಕೆಳಗಿನಿಂದ ಪೆನ್ಸಿಲ್ ಡಬ್ಬ ತೆಗೆದು ಅವಳ ಮಡಿಲಲ್ಲಿ ಇಟ್ಟ. ಮೊನೆಗಳನ್ನೆಲ್ಲ ಉಜ್ಜಿ ಮೊಂಡು ಮಾಡಿಟ್ಟಿದ್ದ. ಆಮೇಲೆ ಕೇಳಿದ:

"ನಾಳೆ ಮೀಟಿಂಗಿಗೆ ಎಲ್ಲರೂ ಬರ್ತಾರಾ?"

"ಹೂಂ."

"ಎಲ್ಲರೂ ಅಂದ್ರೆ ಎಲ್ಲರೂನಾ?"

"ಹೌದು ಮಾರಾಯಾ! ಬರದಿದ್ರೆ ದಂಡ ಹಾಕ್ತಾರೆ."

"ಹಾಗಾದ್ರೆ ನೋಡೋಣ" ಎಂದು ಹುಷಾರಪ್ಪ ಮಗ್ಗುಲಾದ.

ಭಾನುವಾರ ಹನ್ನೊಂದು ಗಂಟೆಗೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದರು. ಕಾರ್ಯದರ್ಶಿ ಮೇಡಂ ಮೇಜಿನ ಮುಂದೆ ಕೂತು ಹಾಜರಿ ಕರೆದರು. ಅಪ್ಪ ಅಮ್ಮ ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತರು. ಮೇಡಂ, "ಎಲ್ಲಿ ನಿಮ್ಮ ಮಗ?" ಎಂದಾಗ ಅಪ್ಪ ಲಿಫ್ಟಿನ ಬಾಗಿಲ ಕಡೆ ನೋಡಿದ. ಕಂಪನಿಯ ಬಣ್ಣದ ಪುಸ್ತಕ ಆಗಲೇ ಕೈಯಿಂದ ಕೈಗೆ ದಾಟುತ್ತಿತ್ತು.

ಮೇಲೆ, ತಾರಸಿಯ ಅಂಚಿನ ಜಾಲರಿಗೆ ಮೂಗು ಒತ್ತಿ ಹುಷಾರಪ್ಪ ಕೆಳಗೆ ನೋಡುತ್ತಿದ್ದ. ತಲೆಗೆ ಅಪ್ಪನ ಹೆಲ್ಮೆಟ್ಟು, ಕಾಲಿಗೆ ರಬ್ಬರ್ ಚಪ್ಪಲಿ. ಬೆರಳು ಮಡಚಿ ತಲೆಗಳನ್ನು ಎಣಿಸಿದ.

"ಎಲ್ಲರೂ ಕೂತ್ರಾ?"

"ಕೂತ್ರು."

"ಯಾರೂ ನಡುವೆ ಎದ್ದು ಮೇಲೆ ಬರಲ್ಲ ತಾನೆ?"

"ಯಾರೂ ಬರಲ್ಲ ಕಣೋ. ಎಲ್ಲರೂ ನಿನ್ನ ದಾರೀನೇ ಕಾಯ್ತಿದ್ದಾರೆ."

"ಸರಿ, ನಡಿ."

ಅಕ್ಕನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಮೊದಲ ಪ್ರಯಾಣದ ನಡುಕವನ್ನು ಯಾರೂ ನೋಡದಿರಲಿ ಎಂದು ಪಾಪ ಅಷ್ಟು ಕೇಳಿಕೊಂಡಿದ್ದಾನೆ ಎಂದು ಅವಳ ಕಣ್ಣು ತುಂಬಿ ಬಂತು. ಆರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಅವನ ಕೈ ಹಿಡಿದುಕೊಂಡಳು. "ಭಯ ಆದ್ರೆ ನನ್ನ ಕೈ ಒತ್ತು."

ಹುಷಾರಪ್ಪ ಕೈ ಒತ್ತಲಿಲ್ಲ. ಬಾಗಿಲು ಮುಚ್ಚಿದ ಕೂಡಲೇ ಕೈ ಬಿಡಿಸಿಕೊಂಡು ಲಿಫ್ಟಿನ ನಡುವೆ ನಿಂತು ಎರಡು ಸಲ ಎಗರಿದ. ಕನ್ನಡಿಯಲ್ಲಿ ಹೆಲ್ಮೆಟ್ಟು ಸರಿಮಾಡಿಕೊಂಡ. ನಂತರ ಮೂರರ ಗುಂಡಿ ಒತ್ತಿದ.

"ಅಲ್ಲಿ ಯಾಕೋ?"

"ಸುಮ್ನೆ."

ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಖಾಲಿ ಓಣಿ, ಬೀಗ ಹಾಕಿದ ಬಾಗಿಲು. ಹುಷಾರಪ್ಪ ಸೊಂಟದ ಮೇಲೆ ಕೈಯಿಟ್ಟು ಆ ಖಾಲಿತನವನ್ನು ಬಹಳ ತೃಪ್ತಿಯಿಂದ ನೋಡಿದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಡುವೆ ನಿಲ್ಲಿಸಿ ಬ್ರೇಕು ಪರೀಕ್ಷಿಸಿರಬೇಕು, ಅಪ್ಪನ ಮಗನಲ್ಲವೇ ಎಂದು ಅಕ್ಕ ಹೆಮ್ಮೆಪಟ್ಟಳು.

ಕೆಳಗೆ ಲಿಫ್ಟ್ ತೆರೆದು ಹೆಲ್ಮೆಟ್ಟಿನ ಸಮೇತ ಹುಷಾರಪ್ಪ ಹೊರಬಂದಾಗ ಕನ್ನಡಕದಂಗಡಿಯವರೇ ಮೊದಲು ಎದ್ದು, "ನೋಡಿದೆ! ನನ್ನ ಕಣ್ಣಾರೆ ನೋಡಿದೆ!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಮುಖ ತಿರುಗಿಸಿ, ಕಣ್ಣಿಗೆ ಏನೋ ಬಿದ್ದವನಂತೆ ಒರೆಸಿಕೊಂಡ. ಮೇಡಂ ಮತಕ್ಕೆ ಹಾಕಿದರು. ಕೈಗಳು ಒಂದೊಂದಾಗಿ ಎದ್ದವು, ಕೆಳಗುಳಿದವು ಎರಡೇ, ಅವೂ ಬಣ್ಣದ ಪುಸ್ತಕ ಹಿಡಿದಿದ್ದರಿಂದ. ಕರಾರು ಮುಂದುವರಿಯಿತು, ತಾರಸಿಯ ಮನೆ ಉಳಿಯಿತು. ಅಕ್ಕ ನಿಂತಲ್ಲೇ ಹಾರಿದಳು. ಐದು ದಿನದ ತನ್ನ ಶ್ರಮ, ಬೀರುವಿನ ಬೆವರು, ಕೊನೆಗೆ ತನ್ನ ಕಣ್ಣೀರು ಫಲ ಕೊಟ್ಟಿತೆಂದು ಅವಳಿಗೆ ಕಿಂಚಿತ್ತೂ ಸಂಶಯವಿರಲಿಲ್ಲ.

ಕಾರ್ಯದರ್ಶಿ ಮೇಡಂ ನಡಾವಳಿಗೆ ಸಹಿ ಹಾಕಿ, ಪೆನ್ನು ಮುಚ್ಚಿ, ಹುಷಾರಪ್ಪನನ್ನು ಹತ್ತಿರ ಕರೆದು ಹೆಲ್ಮೆಟ್ಟಿನ ಮೇಲೆ ಕೈಯಿಟ್ಟರು. ಸಭೆಗೆಲ್ಲ ಪಾಠವಾಗಲಿ ಎಂದು ಸ್ವಲ್ಪ ದನಿಯೆತ್ತಿಯೇ ಕೇಳಿದರು:

"ಶಭಾಷ್ ಮರಿ! ಇಷ್ಟು ದಿನ ಲಿಫ್ಟ್ ಅಂದ್ರೆ ಅಷ್ಟು ಹೆದರ್ತಿದ್ಯಲ್ಲ, ಇವತ್ತು ಧೈರ್ಯ ಎಲ್ಲಿಂದ ಬಂತು, ಎಲ್ಲರಿಗೂ ಹೇಳು ನೋಡೋಣ?"

ಹುಷಾರಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಲಿಫ್ಟಿಗೆ ಯಾರು ಹೆದರ್ತಾರೆ ಮೇಡಂ? ಬಾಗಿಲು ಮುಚ್ಚಿದ ಮೇಲೆ ನೀವು ಹದಿಮೂರರ ಮಗ್ಗಿ ಕೇಳ್ತೀರಿ, ಇಳಿದು ಓಡೋಕೂ ಆಗಲ್ಲ. ಇವತ್ತು ನೀವು ಇಲ್ಲೇ ಕೂತಿದ್ರಲ್ಲ."